ಆಕ್ಸಲ್ ಕೊಳ್ಳುವ ಮೊದಲು ಈ ಕಾಗದ ಓದು

ಮಂಡ್ಯ
ಭಾನುವಾರ

ಚಿರಂಜೀವಿ ಪುಟ್ಟನಿಗೆ ಮಾವನ ಆಶೀರ್ವಾದ.

ನಿನ್ನೆ ಅಕ್ಕ ಫೋನ್ ಮಾಡಿದ್ದಳು. ಮೊದಲ ಹತ್ತು ನಿಮಿಷ ನಿನ್ನ ಮದುವೆ, ಆಮೇಲಿನ ಹತ್ತು ನಿಮಿಷ ನಿನ್ನ ಜೀಪ್ ಪಿಕಪ್. ಮೇಲುಕೋಟೆ ಕಡೆ ಕಲ್ಲುದಾರಿಯಲ್ಲಿ ಹಿಂದಿನ ಆಕ್ಸಲ್ ಶಾಫ್ಟ್ ಮುರಿದು, ಚಕ್ರ ಡ್ರಮ್ ಸಮೇತ ಹೊರಗೆ ಬಂತಂತೆ. ಯಾರಿಗೂ ಪೆಟ್ಟಾಗಲಿಲ್ಲ, ಪುಣ್ಯ. ಮದುವೆ ವಿಷಯ ಅಕ್ಕನಿಗೆ ನಾನು ಸಮಾಧಾನ ಹೇಳುತ್ತೇನೆ ಬಿಡು. ಆಕ್ಸಲ್ ವಿಷಯ ಮಾತ್ರ ಕಾಗದದಲ್ಲೇ ಬರೆಯಬೇಕು ಅನ್ನಿಸಿತು. ಫೋನಿನಲ್ಲಿ ಹೇಳಿದರೆ "ಹೂಂ ಮಾವ, ಹೂಂ ಮಾವ" ಅಂತ ಇಟ್ಟುಬಿಡುತ್ತೀಯ.

ನಿನ್ನ ಗೆಳೆಯ ಮಿನಿ ಲಾರಿಯ ಆಕ್ಸಲ್ ಹಾಕಿಸು, ಜನ್ಮದಲ್ಲಿ ಮುರಿಯಲ್ಲ ಅಂದನಂತೆ. ಹಾಕಿಸಬೇಡ. ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಲಾರಿಯ ಹಿಂದಿನ ಚಕ್ರದ ನಡುವೆ ಒಂದು ತಟ್ಟೆ, ಅದರ ಸುತ್ತ ಬೋಲ್ಟುಗಳು ಇರುತ್ತವೆ, ನೋಡಿದ್ದೀಯಲ್ಲ? ಅದು ಫುಲ್ ಫ್ಲೋಟಿಂಗ್. ಗಾಡಿಯ ಭಾರವನ್ನೆಲ್ಲ ಶಾಫ್ಟಿನ ಹೊರಗವಚವಾದ ಹೌಸಿಂಗ್ ಮೇಲೆ ಕೂತ ಎರಡು ಬೇರಿಂಗ್ ಹೊರುತ್ತವೆ. ಶಾಫ್ಟಿನ ಕೆಲಸ ತಿರುಗಿಸುವುದು ಅಷ್ಟೇ. ಶಾಫ್ಟ್ ಮುರಿದರೂ ಚಕ್ರ ಜಾಗ ಬಿಡುವುದಿಲ್ಲ. ನಿನ್ನದು ಸೆಮಿ ಫ್ಲೋಟಿಂಗ್. ಭಾರ ಹೊರುವುದೂ ಶಾಫ್ಟೇ, ತಿರುಗಿಸುವುದೂ ಶಾಫ್ಟೇ. ಬೇರಿಂಗಿನಿಂದಾಚೆಗೆ ಮುರಿದರೆ ಚಕ್ರ ತನ್ನ ದಾರಿ ತಾನು ಹಿಡಿಯುತ್ತದೆ. ಒಂದು ತಮಾಷೆ ಹೇಳಲಾ? ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿಗೆ ಹಿಂದೆ ಫುಲ್ ಫ್ಲೋಟಿಂಗ್ ಆಕ್ಸಲ್ಲೇ ಇತ್ತು. ಯುದ್ಧ ಮುಗಿದು ರೈತರಿಗೆ ಅಂತ ಮಾಡಿದ ಸಿಜೆ ಜೀಪಿಗೆ ಸ್ವಲ್ಪ ದಿನಕ್ಕೇ ಸೆಮಿ ಫ್ಲೋಟಿಂಗ್ ಬಂತು. ಸಿಪಾಯಿಗೆ ಒಂದು, ನಮಗೆ ಒಂದು!

ಆದರೆ ಲಾರಿ ಆಕ್ಸಲ್ ಒಂದೇ ಬರುವುದಿಲ್ಲ, ಹಿಂದೆ ದಿಬ್ಬಣವನ್ನೇ ಕರೆದುಕೊಂಡು ಬರುತ್ತದೆ. ಜೀಪಿಗೆ ಐದು ಬೋಲ್ಟು, ಐದೂವರೆ ಇಂಚಿನ ಸುತ್ತು. ಲಾರಿಯದಕ್ಕೆ ಬೇರೆ ಲೆಕ್ಕ. ಅಂದರೆ ಸ್ಟೆಪ್ನಿ ಎರಡು ಥರ ಇಟ್ಟುಕೊಂಡು ಓಡಾಡಬೇಕು. ಅಗಲ ಬೇರೆ, ಕಮಾನು ಪಟ್ಟಿ ಕೂರುವ ಜಾಗ ಬೇರೆ. ಕತ್ತರಿಸಿ ವೆಲ್ಡಿಂಗ್ ಮಾಡಿಸಬೇಕು. ಆಗ ಪಿನಿಯನ್, ಅಂದರೆ ಆಕ್ಸಲ್ ಒಳಗಿನ ಚಿಕ್ಕ ಹಲ್ಲುಚಕ್ರದ ಕೋನ ಸ್ವಲ್ಪ ತಪ್ಪಿದರೂ ಗೇರ್ ಬಾಕ್ಸ್ ಕಡೆಯಿಂದ ಆಕ್ಸಲ್ಲಿಗೆ ಬರುವ ಜಾಯಿಂಟ್ ಶಾಫ್ಟ್ ನಡುಗಿ ತನ್ನ ತುದಿಯ ಯು ಜಾಯಿಂಟ್ ತಿಂದುಹಾಕುತ್ತದೆ. ಬ್ರೇಕ್ ಸಿಲಿಂಡರ್ ದೊಡ್ಡದು, ಹಿಂದಿನ ಚಕ್ರ ಮೊದಲು ಕಚ್ಚಿಕೊಳ್ಳುತ್ತದೆ. ಆಕ್ಸಲ್ ನಡುವಿನ ಗುಂಡು, ಅಂದರೆ ಡಿಫರೆನ್ಷಿಯಲ್ ಇರುವ ಉಬ್ಬು, ದಪ್ಪ, ಆದ್ದರಿಂದ ಇವತ್ತು ತಗುಲದ ಕಲ್ಲು ನಾಳೆ ತಗುಲುತ್ತದೆ. ಹಿಂದಿನದು ಮುರಿಯದಿದ್ದರೆ ಪೆಟ್ಟು ಸುಮ್ನೆ ಎಲ್ಲಿಗೆ ಹೋಗುತ್ತದೆ? ಜಾಯಿಂಟ್ ಶಾಫ್ಟಿಗೆ, ಇಲ್ಲ ಗೇರ್ ಬಾಕ್ಸಿಗೆ. ಶಾಫ್ಟ್ ಬದಲಾಯಿಸುವುದು ಅರ್ಧ ದಿನದ ಕೆಲಸ. ಗೇರ್ ಬಾಕ್ಸ್ ಇಳಿಸುವುದು ಏನು ಅಂತ ನಿನಗೆ ಗೊತ್ತು.

ಇವೆಲ್ಲಕ್ಕಿಂತ ದೊಡ್ಡದು ರೇಶಿಯೋ, ಅಂದರೆ ಜಾಯಿಂಟ್ ಶಾಫ್ಟ್ ಎಷ್ಟು ಸುತ್ತಿದರೆ ಚಕ್ರ ಒಂದು ಸುತ್ತು ಬರುತ್ತದೆ ಅನ್ನುವ ಲೆಕ್ಕ. ಇದರಲ್ಲಿ ನಾನೇ ಕೈ ಸುಟ್ಟುಕೊಂಡಿದ್ದೇನೆ.

ನೀನಿನ್ನೂ ಸ್ಕೂಲಿಗೆ ಹೋಗುತ್ತಿದ್ದ ಕಾಲ. ನನ್ನ ಜೀಪಿನ ಹೌಸಿಂಗ್ ಬಿರುಕು ಬಿಟ್ಟಿತ್ತು. ಗುಜರಿಯಲ್ಲಿ ಒಂದು ಆಕ್ಸಲ್ ಸಿಕ್ಕಿತು. ನೋಡುವುದಕ್ಕೆ ಅವಳಿ ಜವಳಿ. ಸಂತೋಷಪಟ್ಟು ಹಾಕಿಸಿದೆ. ಎರಡು ತಿಂಗಳು ಏನೂ ಆಗಲಿಲ್ಲ. ದಿಣ್ಣೆಯಲ್ಲಿ ಎಳೆತ ಸ್ವಲ್ಪ ಕಡಿಮೆ ಅನ್ನಿಸುತ್ತಿತ್ತು. ಸ್ಪೀಡೋಮೀಟರ್ 40 ತೋರಿಸುವಾಗ ಗಾಡಿ ಅದಕ್ಕಿಂತ ಜೋರಾಗಿ ಹೋದ ಹಾಗಿತ್ತು. ನಾನು ಮುಳ್ಳು ಕೆಟ್ಟಿದೆ ಅಂದುಕೊಂಡೆ. ಮಳೆಗಾಲದಲ್ಲಿ ಒಂದು ದಿನ ಗದ್ದೆ ಕೆಸರಲ್ಲಿ ಫೋರ್ ವೀಲ್ ಹಾಕಿ ಮೇಲೆ ಬಂದೆ. ಹಾಗೇ ನಾಲೆ ಏರಿ ದಾಟಿ ಟಾರು ರಸ್ತೆ ಹತ್ತಿದೆ. ಲಿವರ್ ತೆಗೆಯೋಣ ಅಂದರೆ ಬರುತ್ತಿಲ್ಲ. ಎರಡು ಫರ್ಲಾಂಗ್ ಹೋಗಿರಲಿಲ್ಲ, ಕೆಳಗಡೆ ಪಟಾಕಿ ಹೊಡೆದ ಹಾಗೆ ಸದ್ದು. ಮುಂದಿನ, ಹಿಂದಿನ ಆಕ್ಸಲ್ಲಿಗೆ ಬಲ ಹಂಚುವ ಪೆಟ್ಟಿಗೆ ಇದೆಯಲ್ಲ, ಟ್ರಾನ್ಸ್‌ಫರ್ ಕೇಸು, ಅದರ ಗೇರು ಹಲ್ಲು ಉದುರಿಸಿತ್ತು.

ಬಿಚ್ಚಿ ನೋಡಿದರೆ ಮುಂದಿನ ಆಕ್ಸಲ್ 5.38, ನಾನು ತಂದಿದ್ದು 4.88. ಮೊದಲನೆಯದರಲ್ಲಿ ದೊಡ್ಡ ಹಲ್ಲುಚಕ್ರ ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8. ಎರಡನೆಯದರಲ್ಲಿ 39ಕ್ಕೆ 8. ಫೋರ್ ವೀಲ್ ಹಾಕಿದಾಗ ಎರಡೂ ಒಂದಕ್ಕೊಂದು ಕಟ್ಟಿಬಿದ್ದಿರುತ್ತವೆ, ಹಿಂದಿನ ಚಕ್ರ 100 ಮೀಟರ್ ಹೋಗೋಣ ಅನ್ನುವಾಗ ಮುಂದಿನದು 91 ಮೀಟರ್ ಸಾಕು ಅನ್ನುತ್ತದೆ. ನೊಗದ ಒಂದು ಕಡೆ ಹಳ್ಳಿಕಾರ್ ಎತ್ತು, ಇನ್ನೊಂದು ಕಡೆ ಕೋಣ ಕಟ್ಟಿದ ಹಾಗೆ. ಕೆಸರಲ್ಲಿ ಟೈರು ಜಾರಿ ಜಗಳ ತೀರುತ್ತದೆ. ಟಾರಿನ ಮೇಲೆ ಜಾರುವುದಿಲ್ಲ, ನೊಗ ಮುರಿಯುತ್ತದೆ. ಮಾರಿದವನ ಮೇಲೆ ಕೂಗಾಡಿ ಏನು ಪ್ರಯೋಜನ? ಎಣಿಸದೆ ತಂದವನು ನಾನು.

ನೀನು ಎಣಿಸು. ಹೌಸಿಂಗನ್ನು ಎರಡು ಕಲ್ಲಿನ ಮೇಲೆ ಇಡಿಸು. ಒಂದು ಡ್ರಮ್ ಅಲುಗದಂತೆ ಯಾರಾದರೂ ಹಿಡಿದುಕೊಳ್ಳಲಿ. ಇನ್ನೊಂದು ಡ್ರಮ್ಮಿಗೂ, ಜಾಯಿಂಟ್ ಶಾಫ್ಟ್ ಕೂರುವ ಪಿನಿಯನ್ ಫ್ಲಾಂಜಿಗೂ ಸೀಮೆಸುಣ್ಣದ ಗೆರೆ ಎಳೆ. ಡ್ರಮ್ಮನ್ನು ಸರಿಯಾಗಿ ಎರಡು ಸುತ್ತು ತಿರುಗಿಸು. ಒಂದಲ್ಲ, ಎರಡು. ಒಂದು ಕಡೆ ಹಿಡಿದಾಗ ಕ್ರೌನ್ ಅರ್ಧ ಲೆಕ್ಕದಲ್ಲಿ ತಿರುಗುತ್ತದೆ, ಅದಕ್ಕೆ. ಫ್ಲಾಂಜು ಐದು ಸುತ್ತು ದಾಟಿ ಮೂರನೇ ಒಂದು ಭಾಗಕ್ಕಿಂತ ಚೂರು ಹೆಚ್ಚು ಬಂದರೆ 5.38. ಐದು ಸುತ್ತು ಮುಗಿಯಲು ಚೂರು ಬಾಕಿ ಇರುವಾಗ ನಿಂತರೆ 4.88. ಕವರ್ ತೆಗೆಯಲು ಬಿಟ್ಟರೆ ಇನ್ನೂ ಒಳ್ಳೆಯದು, ಹಲ್ಲಿನ ಲೆಕ್ಕ ಕ್ರೌನಿನ ಮೇಲೇ ಒತ್ತಿರುತ್ತದೆ. ಅದಕ್ಕೂ ಮೊದಲು ಮನೆಯಲ್ಲಿ ನಿನ್ನ ಮುಂದಿನ ಆಕ್ಸಲ್ ಎಣಿಸಿಕೊಂಡು ಹೋಗು. ಹಳೇ ಗಾಡಿ, ಮೊದಲಿನ ಮಾಲೀಕ ಏನು ಮಾಡಿದ್ದಾನೋ ಯಾರಿಗೆ ಗೊತ್ತು.

ಮುಂದೆ 5.38 ಇದ್ದರೆ ಹಿಂದೆಯೂ ಅದೇ ಇರಲಿ. ಹೊರೆಗೆ, ದಿಣ್ಣೆಗೆ ಅದು ಬಂಗಾರ. ದಶಪಥ ಹೆದ್ದಾರಿಯಲ್ಲಿ ಮಾತ್ರ ಅರಚುತ್ತದೆ. 28 ಇಂಚಿನ ಟೈರಲ್ಲಿ, ಟಾಪ್ ಗೇರಿನಲ್ಲಿ 80ರಲ್ಲಿ ಹೋದರೆ ಇಂಜಿನ್ ನಿಮಿಷಕ್ಕೆ ಸುಮಾರು 3200 ಸುತ್ತು ತಿರುಗುತ್ತದೆ. 4.88ರಲ್ಲಿ ಸುಮಾರು 2900. ಮೈಸೂರು–ಮಂಡ್ಯ ಓಡಾಟವೇ ಜಾಸ್ತಿ ಅನ್ನುವುದಾದರೆ ಎರಡೂ ಆಕ್ಸಲ್ ಬದಲಾಯಿಸು, ಒಂದನ್ನಲ್ಲ. ನಿನ್ನದು ವಾರಕ್ಕೊಮ್ಮೆ ತೋಟ, ಎಳನೀರಿನ ಹೊರೆ, ಭಾನುವಾರದ ಕಲ್ಲು ಹತ್ತುವ ಹುಚ್ಚು. ಇರುವ ರೇಶಿಯೋನೇ ಸಾಕು ಅಂತ ನನಗನ್ನಿಸುತ್ತದೆ.

ಹಳೇ ಆಕ್ಸಲ್ ಹುಡುಕಿಕೊಂಡು ಬೆಂಗಳೂರಿನ ಶಿವಾಜಿನಗರದ ಗುಜರಿಗೆ ಹೋದರೆ ಬೆಳಿಗ್ಗೆಯೇ ಹೋಗು. ಹೊಸ ಸೀಲು, ಬೇರಿಂಗು ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ. ಆಕ್ಸಲ್ಲನ್ನು ಡ್ರಮ್ಮಿನಿಂದ ಡ್ರಮ್ಮಿಗೆ ಇಡೀ ಸೆಟ್ಟಾಗಿ ತಗೋ. ಹೊಸ ಪೇಂಟ್ ಹೊಡೆದಿದ್ದರೆ ನನಗಂತೂ ಅನುಮಾನ. ಕೊಳಕಾಗಿದ್ದರೆ ಎಲ್ಲಿ ಎಣ್ಣೆ ಸೋರುತ್ತಿದೆ ಅಂತಾದರೂ ಕಾಣುತ್ತದೆ. ನಡುವಿನ ಗುಂಡಿಗೆ ಉದ್ದ ಕೊಳವೆ ಸೇರುವ ಜಾಗ ಒದ್ದೆ ಇದ್ದರೆ ಮುಟ್ಟಬೇಡ, ಆ ಕೊಳವೆ ಒಮ್ಮೆ ಅಲುಗಾಡಿದೆ. ಫ್ಲಾಂಜ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸು. ಒಂದು ಕೂದಲಷ್ಟೂ ಆಟ ಇರಬಾರದು. ತಿರುಗಿಸುವಾಗ ಸ್ವಲ್ಪ ಇದ್ದರೆ ಪರವಾಗಿಲ್ಲ. ಎಣ್ಣೆಗೆ ಬೆರಳು ಅದ್ದಿ ನೋಡು. ಹಾಲು ಬೆರೆಸಿದ ಕಾಫಿ ಬಣ್ಣ ಇದ್ದರೆ ನೀರು ಹೋಗಿದೆ. ಬೆಳ್ಳಿ ಪುಡಿ ಮಿನುಗಿದರೆ ಯೋಚಿಸು, ಚೂರು ಸಿಕ್ಕರೆ ನಮಸ್ಕಾರ ಹೇಳಿ ಬಾ. ಶಾಫ್ಟ್ ಎಳೆಸಿ ತುದಿಯ ಗೆರೆ ಹಲ್ಲು, ಅಂದರೆ ಸ್ಪ್ಲೈನ್ ನೋಡು. ನೇರ ಇರಬೇಕಾದ ಗೆರೆಗಳು ಹಗ್ಗ ಹೊಸೆದಂತೆ ತಿರುಚಿದ್ದರೆ ಅದು ಇವತ್ತಲ್ಲ ನಾಳೆ ಮುರಿಯುವ ಶಾಫ್ಟು. ಹೌಸಿಂಗ್ ಬಾಗಿದೆಯಾ ಅಂತ ನೋಡಲು ಎರಡೂ ಕಡೆ ಒಳ್ಳೆ ರಿಮ್ ಕಟ್ಟಿಸಿ, ರಿಮ್ಮುಗಳ ನಡುವಿನ ಅಂತರ ಮುಂದೆಯೂ ಹಿಂದೆಯೂ ಅಳೆ. ಎರಡೂ ಒಂದೇ ಇರಬೇಕು. ಗುಂಡು ಯಾವ ಪಕ್ಕಕ್ಕೆ ವಾಲಿದೆ ಅನ್ನುವುದನ್ನೂ ನಿನ್ನ ಹಳೇದರ ಫೋಟೋ ಜೊತೆ ಹೋಲಿಸು.

ಕ್ರೌನ್ ಒಂದು ಕಡೆಯದು, ಪಿನಿಯನ್ ಒಂದು ಕಡೆಯದು ಸೇರಿಸಿ ಕೊಡುತ್ತೇನೆ ಅಂದರೆ ಬೇಡ ಅನ್ನು. ಅವು ಕಾರ್ಖಾನೆಯಲ್ಲೇ ಜೋಡಿಯಾಗಿ ಸವೆಸಿ ಬಂದವು. ಎರಡೂ ಚಕ್ರ ಒಟ್ಟಿಗೇ ತಿರುಗಿಸುವ ಲಾಕರ್ ಆಸೆ ಈಗ ಬೇಡ. ಮೊದಲು ಗಾಡಿ ನಿಂತಿರಲಿ.

ಹಳೇ ಜೀಪಿನ ಹಬ್ ಶಾಫ್ಟಿನ ಚೂಪಿನ ಮೇಲೆ ಕೂರುತ್ತದೆ. ಆ ಚೂಪಿಗೆ ಗ್ರೀಸ್ ಹಚ್ಚಲು ಬಿಡಬೇಡ. ಒಣಗಿ ಶುಭ್ರವಾಗಿರಬೇಕು, ಹಬ್ ಜಾರದಂತೆ ಹಿಡಿಯುವ ಕೀ ತುಂಡು ಹೊಸದಿರಬೇಕು, ನಟ್ಟಿಗೆ ಪಿನ್ ಹಾಕಿರಬೇಕು. ಹಬ್ ಬಿಚ್ಚುವಾಗ ಪುಲ್ಲರ್ ಬಳಸಲಿ. ಸುತ್ತಿಗೆ ಎತ್ತಿದವನಿಗೆ ನಿನ್ನ ಗಾಡಿ ಕೊಡಬೇಡ. ಆಕ್ಸಲ್ಲನ್ನು ಕಮಾನು ಪಟ್ಟಿಗೆ ಕಟ್ಟುವ ಯು ಬೋಲ್ಟ್ ಹಳೇವು ಬೇಡ. ವಾರ ಓಡಿಸಿ ಮತ್ತೊಮ್ಮೆ ಬಿಗಿ ಮಾಡಿಸು. ಆಕ್ಸಲ್ ಉಸಿರಾಡುವ ಬ್ರೀದರ್ ತೂತಿಗೆ ರಬ್ಬರ್ ಪೈಪ್ ಸಿಕ್ಕಿಸಿ ಚಾಸಿಸ್ ಎತ್ತರಕ್ಕೆ ಕಟ್ಟು. ಬಿಸಿ ಆಕ್ಸಲ್ ನಾಲೆ ನೀರಿಗಿಳಿದರೆ ಒಳಗಿನ ಗಾಳಿ ಕುಗ್ಗಿ, ನೀರನ್ನು ಸ್ಟ್ರಾ ಹಾಕಿದ ಹಾಗೆ ಎಳೆದುಕೊಳ್ಳುತ್ತದೆ.

ಇನ್ನೊಂದು. ಶಾಫ್ಟ್ ಮುರಿದದ್ದು ಯಾಕೆ ಅಂತ ನೀನು ಅಕ್ಕನಿಗೆ ಹೇಳಲಿಲ್ಲ. ನನಗೆ ಗೊತ್ತು. ಆ ಎತ್ತರದ ಟೈರುಗಳು. ಟೈರು ದೊಡ್ಡದಾದಷ್ಟೂ ಶಾಫ್ಟನ್ನು ತಿರುಚುವ ಬಲ ಜಾಸ್ತಿ. ಜೊತೆಗೆ ಒಂದು ಚಕ್ರ ಗಾಳಿಯಲ್ಲಿ ಗಿರ್ ಅಂತ ತಿರುಗಿ ದಪ್ಪನೆ ಕಲ್ಲಿಗೆ ಬಿದ್ದರೆ ಯಾವ ಶಾಫ್ಟ್ ಉಳಿಯುತ್ತದೆ? ಗಾಡಿಯನ್ನು ಕಂಪನಿ ಕೊಟ್ಟ ಅಳತೆ ಬಿಟ್ಟು ಬದಲಾಯಿಸಬಾರದು ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಲಾರಿ ಆಕ್ಸಲ್ ಹಾಕಿಸಿಕೊಂಡು ಆರ್‌ಟಿಓ ಮುಂದೆ ನಿಂತರೆ ಏನು ಹೇಳುತ್ತೀಯ? ಟೈರ್ ಹಳೇ ಅಳತೆಗೆ ತಾ. ಹಳೇ ಆಕ್ಸಲ್ಲನ್ನೇ ಉಳಿಸಿಕೊಳ್ಳುವುದಾದರೆ ಉಳಿದ ದುಡ್ಡಲ್ಲಿ ಎರಡೂ ಕಡೆ ಹೊಸ ಶಾಫ್ಟ್ ಹಾಕಿಸು, ಮುರಿದ ಕಡೆ ಒಂದೇ ಅಲ್ಲ. ಆ ಇನ್ನೊಂದೂ ಇದೇ ಪೆಟ್ಟು ತಿಂದಿದೆ.

ಮುಂದಿನ ಶನಿವಾರ ನಾನು ಬಿಡುವಾಗಿದ್ದೇನೆ. ಶಿವಾಜಿನಗರಕ್ಕೆ ಒಟ್ಟಿಗೆ ಹೋಗೋಣ, ಬೆಳಿಗ್ಗೆ ಐದೂವರೆಗೆ ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಸೀಮೆಸುಣ್ಣ ನಾನು ತರುತ್ತೇನೆ. ನೀನು ಟೇಪು, ಟಾರ್ಚು ತಾ. ಅತ್ತೆ ನಿನಗೆ ಅಂತ ಒಬ್ಬಟ್ಟು ಮಾಡುತ್ತಾಳಂತೆ, ವಾಪಸ್ ಬರುವಾಗ ಮನೆಗೆ ಬಂದು ತಿಂದು ಹೋಗು.

ಇಂತಿ ನಿನ್ನ
ಮಾವ