ಪೂಲ್ ಡ್ಯೂಟಿಯವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕೋಲಾರ, ಚಿಕ್ಕಬಳ್ಳಾಪುರ ಕಡೆ ನೀರಿನಲ್ಲಿ ಚಿಕಿತ್ಸೆ ಕೊಡುವ ಫಿಸಿಯೋಗಳು ದಯವಿಟ್ಟು ಪೂರ್ತಿ ಓದಿ.

ಮೊದಲ ಪೇಷಂಟ್ ಇಳಿಯುವ ಮುಂಚೆ ಟೆಸ್ಟ್ ಕಿಟ್‌ನಲ್ಲಿ ನೀವೇ ನೋಡಿ: ಪಿಎಚ್ (ನೀರಿನ ಆಮ್ಲ-ಕ್ಷಾರ ಮಟ್ಟ) 7.2ರಿಂದ 7.6, ಫ್ರೀ ಕ್ಲೋರಿನ್ (ರೋಗಾಣು ಕೊಲ್ಲಲು ಇನ್ನೂ ಉಳಿದಿರುವ ಕ್ಲೋರಿನ್) 2–3 ಪಿಪಿಎಂ (ಲೀಟರ್‌ಗೆ ಮಿಲಿಗ್ರಾಂ), ನೀರಿನ ಶಾಖ 33–35 ಡಿಗ್ರಿ. ನಮ್ಮ ಬೋರ್‌ವೆಲ್ ನೀರು ಗಡಸು, ಪಿಎಚ್ ಏರುತ್ತಲೇ ಇರುತ್ತದೆ. 8 ಮುಟ್ಟಿತೆಂದರೆ ಹಾಕಿದ ಕ್ಲೋರಿನ್‌ನಲ್ಲಿ ಹೆಚ್ಚುಕಮ್ಮಿ ಕಾಲು ಭಾಗವಷ್ಟೇ ಕೆಲಸಕ್ಕೆ ಬರುತ್ತದೆ. ಹೀಟರ್ ಕಾಯಿಲ್‌ಗೆ ಸುಣ್ಣ ಕಟ್ಟುವುದು ಬೇರೆ.

ಕಣ್ಣುರಿ, ಕೆಮ್ಮು, ಘಾಟು ಬಂದರೆ ‘ಕ್ಲೋರಿನ್ ಜಾಸ್ತಿ ಆಯ್ತು’ ಅಂತ ಪೂಲ್ ಹುಡುಗರು ಕಡಿಮೆ ಮಾಡಿಬಿಡುತ್ತಾರೆ. ಸಾಮಾನ್ಯವಾಗಿ ಅದು ಕ್ಲೋರಮೈನ್. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಆಗುವಂಥದ್ದು. ಎಕ್ಸಾಸ್ಟ್ ಹಾಕಿಸಿ, ಒಂದಷ್ಟು ಹಳೇ ನೀರು ತೆಗೆದು ಹೊಸದು ಬಿಡಿಸಿ. ಪೇಷಂಟ್ ಸೋಪು ಹಚ್ಚಿ ಸ್ನಾನ ಮಾಡಿಯೇ ಇಳಿಯಲಿ, ಇದರಲ್ಲಿ ದಾಕ್ಷಿಣ್ಯ ಬೇಡ.

ಇನ್ನು ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ. ಒಂದು ಸೆಷನ್‌ಗೆ ಮ್ಯಾನೇಜ್‌ಮೆಂಟ್ ಎಣಿಸುವುದು ನೀರಿನೊಳಗಿನ 30 ನಿಮಿಷ ಮಾತ್ರ. ಇಳಿಸುವುದು, ಹತ್ತಿಸುವುದು, ಬಟ್ಟೆ ಬದಲಿಸುವುದು, ನೋಟ್ಸ್ ಸೇರಿದರೆ ಸಲೀಸಾಗಿ 50 ಆಗುತ್ತದೆ. ಒಂದು ವಾರ ಗಡಿಯಾರ ನೋಡಿ ಬರೆದಿಡಿ, ಆ ಹಾಳೆ ಹಿಡಿದೇ ಮಾತಾಡಿ. ಬಾಯಿಮಾತಿಗೆ ಯಾರೂ ಬಗ್ಗುವುದಿಲ್ಲ.

ಸತತ ಎರಡು ಸೆಷನ್ ಆದ ನಂತರ ನೀರಿನಿಂದ ಮೇಲೆ ಬಂದುಬಿಡಿ. ಬೆಚ್ಚನೆ ನೀರಲ್ಲಿ ಬೆವರಿದ್ದು ಗೊತ್ತಾಗದು, ನೀರಿನ ಒತ್ತಡಕ್ಕೆ ಮೂತ್ರವೂ ಜಾಸ್ತಿ. ಸಂಜೆಯ ತಲೆನೋವಿಗೆ ಇದೂ ಒಂದು ಕಾರಣ. ಸೆಷನ್‌ಗೊಂದು ದೊಡ್ಡ ಲೋಟ ನೀರು ಕುಡಿಯಿರಿ. ಕಾಲ್ಬೆರಳ ಸಂದಿ ಒರೆಸಿ ಒಣಗಿಸಿ, ಇಲ್ಲದಿದ್ದರೆ ಫಂಗಸ್ ಗ್ಯಾರಂಟಿ.

ಈ ವಾರದ ರೀಡಿಂಗ್ ಫೋಟೊ ಇಲ್ಲೇ ಹಾಕಿ. ಪೇಷಂಟ್ ಮುಖ ಕಾಣಬಾರದು.