ಬಂಡೆಗಿಂತ ಮೆಟ್ಟಿಲು ಚೆನ್ನಾಗಿತ್ತು, ಪುಟ್ಟಿ

ಸ್ಟವಾಂಗರ್, ನಾರ್ವೆ

ಚಿ. ಸೌ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಅಳಿಯಂದಿರನ್ನು, ಮಕ್ಕಳನ್ನು ಕೇಳಿದೆ ಅಂತ ಹೇಳು. ಅಮ್ಮ ಆಗಲೇ ಫೋಟೋಗಳ ರಾಶಿ ಕಳಿಸಿದ್ದಾಳೆ. "ಅಷ್ಟು ದೊಡ್ಡ ಬೆಟ್ಟ ಎದುರಿಗಿದ್ದರೂ ಅಪ್ಪ ಯಾಕೆ ಎಲ್ಲದರಲ್ಲೂ ನೆಲ ನೋಡ್ತಾ ನಿಂತಿದ್ದಾರೆ?" ಅಂತ ಕೇಳಿದೆಯಂತೆ. ಫೋನಿನಲ್ಲಿ ಹೇಳಲು ಹೋದರೆ ಅರ್ಧಕ್ಕೇ ನಿನ್ನ ಕುಕ್ಕರ್ ಕೂಗುತ್ತದೆ. ಅದಕ್ಕೇ ಈ ಪತ್ರ.

ನಾವು ಹೋಗಿದ್ದು ಪ್ರೈಕೆಸ್ಟೋಲೆನ್ ಅನ್ನುವ ಬಂಡೆಗೆ. ಇಲ್ಲಿ ಲೀಸೆಫ್ಯೋರ್ಡ್ ಅಂತ ಒಂದು ಫ್ಯೋರ್ಡ್ ಇದೆ. ಬೆಟ್ಟಗಳ ಮಧ್ಯೆ 40 ಕಿಲೋಮೀಟರಿನಷ್ಟು ದೂರ ಸಮುದ್ರ ಒಳಗೆ ನುಗ್ಗಿದೆ. ಆ ನೀರಿನಿಂದ ನೆಟ್ಟಗೆ 604 ಮೀಟರ್ ಮೇಲೆ ಈ ಬಂಡೆ. ನೆತ್ತಿ ಪೂರ್ತಿ ಚಪ್ಪಟೆ, ಸುಮಾರು 25 ಮೀಟರ್ ಉದ್ದ, ಅಷ್ಟೇ ಅಗಲ. ಅಂಚು ಮುಗಿದರೆ ಮುಗಿಯಿತು, ಆಮೇಲೆ ಗಾಳಿಯೇ.

ಮೊದಲೆಲ್ಲ ಸ್ಟವಾಂಗರಿನಿಂದ ಆ ಕಡೆಗೆ ಫೆರ್ರಿಯಲ್ಲಿ ಹೋಗಬೇಕಿತ್ತಂತೆ. 2019ರ ಕೊನೆಯಲ್ಲಿ ಸಮುದ್ರದ ಅಡಿಯಲ್ಲೇ ಸುರಂಗ ಮಾಡಿಬಿಟ್ಟಿದ್ದಾರೆ. 14 ಕಿಲೋಮೀಟರಿಗೂ ಜಾಸ್ತಿ ಉದ್ದ. ತೀರಾ ತಗ್ಗಿನ ಜಾಗ ಸಮುದ್ರ ಮಟ್ಟಕ್ಕಿಂತ 292 ಮೀಟರ್ ಕೆಳಗೆ. ಕಾರು ಇಳಿಯುತ್ತಲೇ ಹೋಗುತ್ತದೆ, ಮುಗಿಯುವುದೇ ಇಲ್ಲ. ನಿನ್ನ ಅಮ್ಮ ಕಣ್ಣು ಮುಚ್ಚಿ ರಾಯರನ್ನು ನೆನೆಯುತ್ತಿದ್ದಳು. ನಾನು ಗೋಡೆ ಎಲ್ಲಾದರೂ ಜಿನುಗುತ್ತಿದೆಯಾ ಅಂತ ನೋಡುತ್ತಿದ್ದೆ. ಅಷ್ಟು ಕೆಳಗೆ ಇಳಿದವರು ಅದೇ ಮಧ್ಯಾಹ್ನ ಅಷ್ಟು ಮೇಲೆ ಹತ್ತಿದ್ದೇವೆ ನೋಡು.

ಕಾರು ನಿಲ್ಲಿಸಿದ ಮೇಲೆ ಹೋಗಲು 4 ಕಿಲೋಮೀಟರ್, ಬರಲು 4 ಕಿಲೋಮೀಟರ್ ನಡಿಗೆ. ಕೇಳಲು ಏನೂ ಅಲ್ಲ ಅನಿಸುತ್ತದೆ, ಅಲ್ವಾ? ಆದರೆ ಒಂದೇ ಸಮ ಏರುವ ದಾರಿ ಅಲ್ಲ ಅದು. ಏರಿದ್ದನ್ನು ಇಳಿಸುತ್ತದೆ, ಮತ್ತೆ ಏರಿಸುತ್ತದೆ. ದಾರಿ ತಪ್ಪದ ಹಾಗೆ ಬಂಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಇಂಗ್ಲಿಷಿನ 'ಟಿ' ಅಕ್ಷರ ಬರೆದಿದ್ದಾರೆ. ಜೌಗು ಬಂದ ಕಡೆ ಹಲಗೆ ಹಾಸಿದ್ದಾರೆ. ಕಡಿದಾದ ಕಡೆ ಕಲ್ಲಿನ ಮೆಟ್ಟಿಲು.

ಈಗ ನಿನ್ನ ಪ್ರಶ್ನೆಗೆ ಬಂದೆ. ಆ ಮೆಟ್ಟಿಲುಗಳನ್ನು ಕಟ್ಟಿದವರು ನಾರ್ವೆಯವರಲ್ಲ ಪುಟ್ಟಿ, ನೇಪಾಳದ ಶೆರ್ಪಾಗಳು! 2000ದ ದಶಕದ ಆರಂಭದಲ್ಲಿ ಗೈರ್ ವೆಟ್ಟಿ ಅನ್ನುವ ಇಲ್ಲಿನ ರೈತರೊಬ್ಬರು ಬೆಟ್ಟದ ದಾರಿ ಕಟ್ಟುವ ಕೆಲಸಕ್ಕೆ ಅವರನ್ನು ಕರೆಸಿಕೊಳ್ಳಲು ಶುರು ಮಾಡಿದರಂತೆ. ಈಗ ದೇಶದ ಎಷ್ಟೋ ಬೆಟ್ಟಗಳಲ್ಲಿ ಅವರ ಕೈ ಕೆಲಸ ಇದೆ. ಯೋಚನೆ ಮಾಡಿದರೆ ಲೆಕ್ಕ ಸರಿಯಾಗಿದೆ. ಎವರೆಸ್ಟ್ ಹತ್ತಿಸುವ ಸೀಸನ್ ಮೇ ತಿಂಗಳಿಗೆ ಮುಗಿಯುತ್ತದೆ. ಆಮೇಲೆ ಅಲ್ಲಿ ಮಳೆಗಾಲ. ಅದೇ ಹೊತ್ತಿಗೆ ಇಲ್ಲಿ ಹಿಮ ಕರಗಿ ಕೆಲಸಕ್ಕೆ ನೆಲ ಸಿಗುತ್ತದೆ.

ಒಂದು ಕಡೆ ಕೂತು ಸರಿಯಾಗಿ ನೋಡಿದೆ. ನಾಲ್ಕು ಜನ ಸೇರಿದರೂ ಎತ್ತಲಾಗದಂಥ ಕಲ್ಲುಗಳು. ಮೇಲಿನ ಕಲ್ಲಿನ ಮುಂಭಾಗ ಕೆಳಗಿನದರ ಹಿಂಭಾಗದ ಮೇಲೆ ಕೂತಿದೆ. ಅಂದರೆ ಜನ ತುಳಿದಷ್ಟೂ ಅದು ಬಿಗಿಯಾಗುತ್ತದೆ. ಸಂದಿಗೆ ಚಕ್ಕೆ ಬಡಿದಿದ್ದಾರೆ. ಊರುಗೋಲಿನಿಂದ ಮೀಟಿ ನೋಡಿದೆ, ಹಂದಲಿಲ್ಲ. ಗಾರೆ ಒಂದು ಚಮಚವೂ ಇಲ್ಲ. ಮೆಟ್ಟಿಲಿನ ಮೇಲ್ಭಾಗಕ್ಕೆ ಒಂಚೂರು ಓರೆ ಕೊಟ್ಟಿದ್ದಾರೆ, ನೀರು ನಿಲ್ಲುವುದಿಲ್ಲ. ಪಕ್ಕದಲ್ಲೇ ನೀರು ಹೋಗಲು ದಾರಿ. ನಾನು ಸರ್ವಿಸಿನಲ್ಲಿ ಇದ್ದಷ್ಟು ದಿನ ಹೇಳುತ್ತಿದ್ದೆನಲ್ಲ, ರಸ್ತೆ ಹಾಳಾಗುವುದು ಲಾರಿಯಿಂದಲ್ಲ, ನೀರಿನಿಂದ ಅಂತ. ಇವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಿನ್ನ ಅಮ್ಮ ಫೋಟೋ ತೆಗೆದದ್ದು ಆಗ.

ಗಾರೆ ಯಾಕೆ ಹಾಕಿಲ್ಲ ಗೊತ್ತಾ? ನೀರು ಹೆಪ್ಪುಗಟ್ಟಿದರೆ ಶೇ. 9ರಷ್ಟು ಹಿಗ್ಗುತ್ತದೆ. ಸಿಮೆಂಟಿನ ಸಣ್ಣ ಬಿರುಕಿಗೆ ನೀರು ಹೋಗಿ ಚಳಿಗಾಲದಲ್ಲಿ ಮಂಜುಗಡ್ಡೆ ಆಯಿತೋ, ಬಿರುಕು ಅಗಲವಾಗುತ್ತದೆ. ಮರುವರ್ಷ ಇನ್ನಷ್ಟು. ಗಾರೆ ಇಲ್ಲದ ಕಲ್ಲಿನ ಕಟ್ಟಡದಲ್ಲಿ ನೀರು ಸಂದಿಯಲ್ಲೇ ಸೋರಿ ಹೋಗುತ್ತದೆ. ಕಲ್ಲು ಒಂಚೂರು ಮಿಸುಕಿದರೂ ಮತ್ತೆ ಕೂತುಕೊಳ್ಳುತ್ತದೆ.

ತಮಾಷೆ ಏನೆಂದರೆ ಆ ಬಂಡೆಯನ್ನು ಅಷ್ಟು ನೇರವಾಗಿ ಕಡಿದದ್ದೂ ಇದೇ ಮಂಜುಗಡ್ಡೆ. ಸುಮಾರು 10,000 ವರ್ಷದ ಹಿಂದೆ ಇಲ್ಲೆಲ್ಲ ಹಿಮನದಿ ಇತ್ತು. ಬಿರುಕುಗಳಲ್ಲಿ ನೀರು ಹೆಪ್ಪುಗಟ್ಟಿ ದೊಡ್ಡ ದೊಡ್ಡ ತುಂಡುಗಳು ಸಿಡಿದವು. ಹಿಮನದಿ ಅವನ್ನು ಹೊತ್ತುಕೊಂಡು ಹೋಯಿತು. ಉಳಿದದ್ದಕ್ಕೆ ಈಗ ವರ್ಷಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಬಂಡೆಯ ಹಿಂಭಾಗದಲ್ಲಿ ಇನ್ನೂ ಒಂದು ಆಳದ ಬಿರುಕಿದೆ. ಎಂದಾದರೂ ಒಂದು ದಿನ ಬಂಡೆ ಕಳಚಿ ಬೀಳುವುದೇ. ಆದರೆ ಭೂವಿಜ್ಞಾನಿಗಳು ಪರೀಕ್ಷೆ ಮಾಡಿ ಸದ್ಯಕ್ಕೆ ಭಯವಿಲ್ಲ ಅಂದಿದ್ದಾರೆ. ನಾನೂ ಬಗ್ಗಿ ನೋಡಿ ಒಪ್ಪಿಗೆ ಕೊಟ್ಟೆ.

ಅಮ್ಮ ಮೇಲಿನ ತನಕ ಬರಲಿಲ್ಲ. ದೊಡ್ಡ ಏರು ಶುರುವಾಗುವ ಕಡೆ "ನನ್ನ ಮಂಡಿ ಇಲ್ಲಿಗೇ ಸಾಕು ಅಂತಿದೆ" ಅಂತ ಕೂತುಬಿಟ್ಟಳು. ಸೊಸೆಯೂ ಅವಳ ಜೊತೆ ಉಳಿದಳು. ಪಾಪ, ಅಮ್ಮನಿಗೆ ಸಂಕೋಚ. ಆಗ ಸೊಸೆ ಒಂದು ಮಾತು ಹೇಳಿದಳು. 1967ರ ಈಸ್ಟರ್ ರಜೆಯಲ್ಲಿ ಇಲ್ಲಿನ ಬೆಟ್ಟಗಳಲ್ಲಿ ಬಹಳ ಜನ ಸತ್ತ ಮೇಲೆ ಬೆಟ್ಟಕ್ಕೆ ಹೋಗುವವರಿಗೆ ಅಂತ ಒಂಬತ್ತು ನಿಯಮ ಮಾಡಿದ್ದಾರಂತೆ. ಅದರಲ್ಲಿ ಒಂದು: ಹೊತ್ತಿಗೆ ಸರಿಯಾಗಿ ಹಿಂದಿರುಗಿ, ಅದರಲ್ಲಿ ನಾಚಿಕೆ ಇಲ್ಲ. ಇಲ್ಲಿನ ಕ್ವಿಕ್ ಲುನ್ಶ್ ಅನ್ನುವ ಚಾಕೊಲೇಟಿನ ಹಾಳೆಯ ಒಳಗೂ ಈ ನಿಯಮಗಳನ್ನು ಅಚ್ಚು ಹಾಕುತ್ತಾರೆ. ಅಮ್ಮ ಚಾಕೊಲೇಟ್ ತಿಂದು ಸಮಾಧಾನ ಮಾಡಿಕೊಂಡಳು.

ಮೇಲೆ ಬೇಲಿ ಇಲ್ಲ, ಕಂಬಿ ಇಲ್ಲ. ನಾನಾಗಿದ್ದರೆ ಮೊದಲ ವಾರವೇ ಎಸ್ಟಿಮೇಟ್ ಹಾಕುತ್ತಿದ್ದೆ. ನಿನ್ನ ತಮ್ಮ ಒಪ್ಪುವುದಿಲ್ಲ. ಕಂಬಿ ಹಾಕಿದರೆ ಜನ ಕಂಬಿಯ ಮೇಲೇ ಹತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ, ಇಲ್ಲದಿದ್ದರೆ ತಾವೇ ಹುಷಾರಾಗಿರುತ್ತಾರೆ ಅನ್ನುತ್ತಾನೆ. ಅಷ್ಟು ಹೇಳಿ ತಾನು ಹೋಗಿ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ. ನನ್ನ ಬಾಯಿ ಒಣಗಿತು. "ಏಯ್, ಎದ್ದು ಬಾರೋ" ಅಂತ ನಾನು ಕೂಗಿದ್ದಕ್ಕೆ ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕಂಬಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ ಅಂತ ಅವನಿಗೆ ನೀನೂ ಹೇಳು.

ನಾನು ಹೊಟ್ಟೆಯ ಮೇಲೆ ಮಲಗಿ ತೆವಳಿಕೊಂಡು ಹೋಗಿ ಕೆಳಗೆ ಇಣುಕಿದೆ. ಪ್ರವಾಸಿಗಳ ದೋಣಿಯೊಂದು ಅಕ್ಕಿಕಾಳಿನಷ್ಟು ಕಂಡಿತು. ಒಂದು ನಿಮಿಷ ನೋಡಿ ಹಾಗೇ ಹಿಂದಕ್ಕೆ ತೆವಳಿದೆ. ಚೆನ್ನಾಗಿಲ್ಲ ಅಂತಲ್ಲ. ಚೆನ್ನಾಗಿದೆ. ಆದರೆ ಅದನ್ನು ಯಾರೂ ಮಾಡಿದ್ದಲ್ಲವಲ್ಲ. ಮೆಟ್ಟಿಲನ್ನು ಯಾರೋ ಬೆನ್ನು ಬಗ್ಗಿಸಿ ಮಾಡಿದ್ದಾರೆ. ಒಬ್ಬರ ಹೆಸರೂ ಎಲ್ಲೂ ಕಾಣಲಿಲ್ಲ.

ಮುಂದಿನ ಬೇಸಿಗೆಗೆ ನೀವು ಬರುವುದಾದರೆ ಜೂನ್, ಜುಲೈನಲ್ಲೇ ಬನ್ನಿ. ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಮಕ್ಕಳ ಜೊತೆ ನಿಧಾನವಾಗಿ ಹೋಗಬಹುದು. ಹೋಗಿ ಬರಲು ನಾಲ್ಕು ಗಂಟೆ ಸಾಕು ಅನ್ನುತ್ತಾರೆ, ನೀನು ಆರು ಇಟ್ಟುಕೋ. ಶೂ ಮಾತ್ರ ಹಿಡಿತ ಇರುವಂಥದ್ದು ತಗೋ, ಕಲ್ಲು ಒದ್ದೆಯಾದರೆ ಜಾರುತ್ತದೆ. ಬಿಸಿಲಿದ್ದರೂ ಮಳೆ ಕೋಟು ಬಿಡಬೇಡ. ಬಿರುಕು ದಾಟಿದ ಮೇಲೆ ಮಕ್ಕಳ ಕೈ ಬಿಡಲೇಬೇಡ, ನಿನ್ನ ತಮ್ಮನ ವಾದ ಏನೇ ಇರಲಿ. ಬುತ್ತಿ ಕಟ್ಟಿಕೊಂಡೇ ಹೋಗಬೇಕು. ಬ್ರೂನೋಸ್ಟ್ ಅಂತ ಕಂದು ಬಣ್ಣದ ಚೀಸ್ ಸಿಗುತ್ತದೆ. ಹಾಲೊಡಕಿನ ನೀರನ್ನು ಬತ್ತಿಸಿ ಮಾಡುವುದು. ತಿಂದರೆ ಸ್ವಲ್ಪ ಉಪ್ಪು ಬಿದ್ದ ಧಾರವಾಡ ಪೇಡ. ಅಮ್ಮ ಅದನ್ನು ಚಪಾತಿಗೆ ಸುತ್ತಿ ಕೊಟ್ಟಿದ್ದಳು, ಬಹಳ ರುಚಿಯಾಗಿತ್ತು.

ರಜೆಗೆ ಅಳಿಯಂದಿರು ಈಗಲೇ ಅರ್ಜಿ ಹಾಕಲಿ. ಅಮ್ಮ ತರಿಸಬೇಕಾದ ಸಾಮಾನಿನ ಪಟ್ಟಿ ಬರೆಯುತ್ತಿದ್ದಾಳೆ, ಈಗಾಗಲೇ ಎರಡನೇ ಹಾಳೆಗೆ ಬಂದಿದೆ.

ಇಂತಿ,
ನಿನ್ನ ಅಪ್ಪ