ಡಬಲ್ ಮಾರ್ಕರ್ ಪರೀಕ್ಷೆ: ವಾರ ತಪ್ಪಿಸಬೇಡಿ

ಮಂಡ್ಯದ ನಮ್ಮ ಗುಂಪಿನ ಗರ್ಭಿಣಿಯರಿಗೆ ಒಂದು ಮಾತು. ಹೊಟ್ಟೆಯಲ್ಲಿರುವ ಮಗುವಿಗೆ ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ, ಬೆಳವಣಿಗೆ ನಿಧಾನವಾಗಿಸುವ ವರ್ಣತಂತು ದೋಷ) ಥರದ ತೊಂದರೆ ಇರುವ ಸಾಧ್ಯತೆ ಎಷ್ಟು ಅಂತ ಲೆಕ್ಕ ಹಾಕುವ ಡಬಲ್ ಮಾರ್ಕರ್ ರಕ್ತಪರೀಕ್ಷೆಗೆ ಗರ್ಭದ 11ನೇ ವಾರದಿಂದ 13 ವಾರ 6 ದಿನದವರೆಗೆ ಮಾತ್ರ ಸಮಯ. ಹಬ್ಬ ಮುಗೀಲಿ, ಆಮೇಲೆ ಮೈಸೂರಿಗೆ ಹೋದರಾಯ್ತು ಅಂತ ಕೂತರೆ ದಾಟಿಹೋಗುತ್ತದೆ. ದಾಟಿದ್ದರೆ ಗಾಬರಿ ಬೇಡ, 15ರಿಂದ 20ನೇ ವಾರದೊಳಗೆ ಇದೇ ಥರದ ಇನ್ನೊಂದು ರಕ್ತಪರೀಕ್ಷೆ, ಕ್ವಾಡ್ರುಪಲ್ ಮಾರ್ಕರ್ ಇದೆ. ತಿಂಡಿ ತಿಂದೇ ಹೋಗಿ. ತಾಯಿ ಕಾರ್ಡ್, ಸ್ಕ್ಯಾನ್ ರಿಪೋರ್ಟ್ ಜೊತೆಗಿರಲಿ. ವಯಸ್ಸು, ತೂಕ ಸರಿಯಾಗಿ ಹೇಳಿ, ಲೆಕ್ಕ ಅದರ ಮೇಲೂ ನಿಂತಿದೆ. (ತೂಕ ಕಡಿಮೆ ಹೇಳೋ ಆಸೆ ನನಗೂ ಬಂದಿತ್ತು!)

‘ಹೈ ರಿಸ್ಕ್’ ಅಂತ ಬಂದರೆ ಮಗುವಿಗೆ ತೊಂದರೆ ಇದ್ದೇ ಇದೆ ಅಂತಲ್ಲ. ಡೌನ್ ಸಿಂಡ್ರೋಮ್ ಎದುರು 1:200 ಅಂತಿದ್ದರೆ, ಅಂಥ 200 ಗರ್ಭಿಣಿಯರಲ್ಲಿ ಒಬ್ಬರ ಮಗುವಿಗೆ ಅದು ಇರಬಹುದು, ಅಷ್ಟೆ. ಖಚಿತವಾಗಿ ತಿಳಿಯಲು ಗರ್ಭದ ನೀರಿನ ಪರೀಕ್ಷೆ ಬೇರೆಯೇ ಇದೆ. ರಿಪೋರ್ಟ್ ಸುಮ್ನೆ ಗುಂಪಿಗೆ ಹಾಕಬೇಡಿ, ಡಾಕ್ಟರಿಗೆ ತೋರಿಸಿ.